ಸ್ಮಾರ್ಟ್‌ಫೋನಿನ ಬೆಂಚ್‌ಮಾರ್ಕ್ ಅಂಕಗಳು ಮತ್ತು ನಿತ್ಯದ ಬಳಕೆ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಾಗಲಿ, ಠಾಣೆ, ಡೊಂಬಿವಲಿ, ಮೀರಾ ರೋಡುಗಳ ಅಂಗಡಿಗಳಲ್ಲಾಗಲಿ ಸ್ಮಾರ್ಟ್‌ಫೋನ್ ಕೊಳ್ಳಲು ಹೋದ ಗ್ರಾಹಕನಿಗೆ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಸಂಖ್ಯೆಯ ಪರಿಚಯವಾಗುತ್ತಿದೆ. ಬೆಲೆ, ಕ್ಯಾಮೆರಾದ ಮೆಗಾಪಿಕ್ಸೆಲ್, ಬ್ಯಾಟರಿಯ ಸಾಮರ್ಥ್ಯ ಇವುಗಳ ಜೊತೆಗೆ ಈಗ ‘ಅಂಟುಟು ಅಂಕ ಇಷ್ಟು ಲಕ್ಷ’, ‘ಗೀಕ್‌ಬೆಂಚ್ ಅಂಕ ಇಷ್ಟು ಸಾವಿರ’ ಎಂಬ ಮಾತೂ ಮಾರಾಟಗಾರನ ಬಾಯಲ್ಲಿ, ಪೆಟ್ಟಿಗೆಯ ಮೇಲೆ, ಜಾಹೀರಾತಿನಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಫೋನಿಗೆ ಐದು ಲಕ್ಷ, ಇನ್ನೊಂದಕ್ಕೆ ಎಂಟು ಲಕ್ಷ ಅಂಕ ಎಂದಾಗ ಎರಡನೆಯದು ಮೊದಲನೆಯದಕ್ಕಿಂತ ಒಂದೂವರೆ ಪಟ್ಟಿಗಿಂತ ಹೆಚ್ಚು ವೇಗದ್ದೆಂದು ಗ್ರಾಹಕನು ತಿಳಿಯುವುದು ಸಹಜ. ಆ ಅಂಕಕ್ಕಾಗಿ ಮೂರು ನಾಲ್ಕು ಸಾವಿರ ರೂಪಾಯಿ ಹೆಚ್ಚು ಕೊಡಲೂ ಅವನು ಸಿದ್ಧನಾಗುತ್ತಾನೆ.

ಆ ಮೂರು ನಾಲ್ಕು ಸಾವಿರ ರೂಪಾಯಿ ಎಲ್ಲರಿಗೂ ಸಣ್ಣ ಮೊತ್ತವಲ್ಲ. ಮುಂಬಯಿಯಂಥ ನಗರದಲ್ಲಿ ಸ್ಮಾರ್ಟ್‌ಫೋನ್ ಇಂದು ವಿಲಾಸದ ವಸ್ತುವಾಗಿ ಉಳಿದಿಲ್ಲ. ಮನೆಮನೆಗೆ ಊಟ ತಲುಪಿಸುವ ತರುಣನಿಗೆ, ಟ್ಯಾಕ್ಸಿ ಮತ್ತು ರಿಕ್ಷಾ ಚಾಲಕನಿಗೆ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಿಗೆ ಅದು ದುಡಿಮೆಯ ಸಲಕರಣೆ. ಸಲಕರಣೆ ನಿಂತರೆ ದಿನದ ಸಂಪಾದನೆ ನಿಲ್ಲುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲಿನ ಅಂಕವು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಅರಿತುಕೊಳ್ಳುವುದು ಅಗತ್ಯವಾಗಿದೆ.

ಪದದ ಮೂಲ

‘ಬೆಂಚ್‌ಮಾರ್ಕ್’ ಎಂಬುದು ಗಣಕಯಂತ್ರದವರು ಸೃಷ್ಟಿಸಿದ ಪದವಲ್ಲ. ಭೂಮಾಪನದವರಿಂದ ಎರವಲು ಪಡೆದದ್ದು. ಎತ್ತರವನ್ನು ಅಳೆಯುವಾಗ ಆಧಾರವಾಗಿ ಇಟ್ಟುಕೊಳ್ಳಲು ಕಲ್ಲಿನ ಮೇಲೆ ಕೊರೆದ ಗುರುತಿಗೆ ಈ ಹೆಸರಿತ್ತು. ಭಾರತೀಯ ಸರ್ವೇಕ್ಷಣ ಇಲಾಖೆಯು 1909ರ ವೇಳೆಗೆ ದೇಶದ ಎತ್ತರಗಳ ಮೊದಲ ಜಾಲವನ್ನು ನಿಗದಿಪಡಿಸಿದಾಗ ಒಂಬತ್ತು ಬಂದರುಗಳ ಸರಾಸರಿ ಸಮುದ್ರಮಟ್ಟವನ್ನು ಆಧಾರವಾಗಿ ತೆಗೆದುಕೊಂಡಿತು. ಅವುಗಳಲ್ಲಿ ಮುಂಬಯಿ ಒಂದು, ನಮ್ಮ ಕಾರವಾರ ಇನ್ನೊಂದು. ಮುಂಬಯಿ ಮಹಾನಗರಪಾಲಿಕೆಯಾದರೋ ತನ್ನ ಕಾಮಗಾರಿಗಳಿಗೆ ‘ಟೌನ್ ಹಾಲ್ ಡೇಟಮ್’ ಎಂಬ ಬೇರೆಯೇ ಆಧಾರಮಟ್ಟವನ್ನು ಬಳಸುತ್ತ ಬಂದಿದೆ. ಒಂದೇ ರಸ್ತೆಯ ಎತ್ತರ ಎರಡು ಲೆಕ್ಕಗಳಲ್ಲಿ ಎರಡು ಸಂಖ್ಯೆಯಾಗಿ ತೋರುತ್ತದೆ. ಎರಡೂ ಸರಿಯೇ. ಯಾವ ಆಧಾರದಿಂದ ಅಳೆಯಲಾಗಿದೆ ಎಂದು ತಿಳಿಯದಿದ್ದರೆ ಮಾತ್ರ ಎರಡೂ ನಿರುಪಯುಕ್ತ.

ಫೋನಿನ ಅಂಕಗಳಿಗೂ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ಕೆನಡಾದ ಪ್ರೈಮೇಟ್ ಲ್ಯಾಬ್ಸ್ ಸಂಸ್ಥೆಯ ‘ಗೀಕ್‌ಬೆಂಚ್’ ಪರೀಕ್ಷೆಯ 5ನೆಯ ಆವೃತ್ತಿಯಲ್ಲಿ ಇಂಟೆಲ್ ಕೋರ್ ಐ3-8100 ಎಂಬ ಸಾಧಾರಣ ಮೇಜುಗಣಕದ ಪ್ರೊಸೆಸರಿಗೆ 1000 ಅಂಕವೆಂದು ಇಟ್ಟುಕೊಂಡು ಉಳಿದವುಗಳನ್ನು ಅದಕ್ಕೆ ಹೋಲಿಸಲಾಗುತ್ತಿತ್ತು. 2023ರ ಫೆಬ್ರವರಿಯಲ್ಲಿ ಬಂದ 6ನೆಯ ಆವೃತ್ತಿಯಲ್ಲಿ ಆಧಾರವೇ ಬದಲಾಗಿ, ಇಂಟೆಲ್ ಕೋರ್ ಐ7-12700 ಪ್ರೊಸೆಸರಿಗೆ 2500 ಅಂಕ ಎಂದಾಯಿತು. ಪರೀಕ್ಷೆಯ ಒಳಗಿನ ಕೆಲಸಗಳೂ ಬದಲಾದವು. ಚೀನಾದ ‘ಅಂಟುಟು’ ಪರೀಕ್ಷೆಯಲ್ಲಿಯೂ ಆವೃತ್ತಿಯಿಂದ ಆವೃತ್ತಿಗೆ ಅದೇ ಫೋನಿನ ಅಂಕ ಗಣನೀಯವಾಗಿ ಏರಿಳಿಯುತ್ತದೆ. ಹೀಗಿರುವಾಗ ಹಳೆಯ ಆವೃತ್ತಿಯಲ್ಲಿ ಅಳೆದ ಒಂದು ಫೋನನ್ನು ಹೊಸ ಆವೃತ್ತಿಯಲ್ಲಿ ಅಳೆದ ಮತ್ತೊಂದು ಫೋನಿನೊಡನೆ ಹೋಲಿಸುವುದು ಸೇರು ಮತ್ತು ಕಿಲೋಗ್ರಾಮುಗಳನ್ನು ಒಂದೇ ಎಂದು ಎಣಿಸಿದಂತೆ. ಜಾಹೀರಾತುಗಳಲ್ಲಿ ಆವೃತ್ತಿಯ ಸಂಖ್ಯೆಯನ್ನು ಅತಿ ಸಣ್ಣ ಅಕ್ಷರದಲ್ಲಿ, ಕೆಲವೊಮ್ಮೆ ಹಾಕದೆಯೇ ಬಿಡುವ ಪರಿಪಾಠವಿದೆ. ಗ್ರಾಹಕನು ಮೊದಲು ಕೇಳಬೇಕಾದದ್ದು ಅದನ್ನೇ.

ಗಣಕಯಂತ್ರದ ವೇಗವನ್ನು ಒಂದು ಸಂಖ್ಯೆಗೆ ಇಳಿಸುವ ಪ್ರಯತ್ನ ಹೊಸದಲ್ಲ. ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ 1972ರಲ್ಲಿ ‘ವೆಟ್‌ಸ್ಟೋನ್’ ಪರೀಕ್ಷೆ ರೂಪುಗೊಂಡಿತು. 1984ರಲ್ಲಿ ರೈನ್‌ಹೋಲ್ಡ್ ವೈಕರ್ ಎಂಬವರು ‘ಡ್ರೈಸ್ಟೋನ್’ ಎಂಬುದನ್ನು ರಚಿಸಿದರು. ಇದು ಬಹು ಬೇಗ ಜನಪ್ರಿಯವಾಯಿತು. ಅಷ್ಟೇ ಬೇಗ, ಈ ಸಣ್ಣ ಕಾರ್ಯಕ್ರಮವನ್ನೇ ಗುರಿಯಾಗಿಟ್ಟುಕೊಂಡು ತಮ್ಮ ತಂತ್ರಾಂಶಗಳನ್ನು ಹದಗೊಳಿಸುವ ತಯಾರಕರೂ ಹುಟ್ಟಿಕೊಂಡರು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಗೆಲ್ಲುವ ವಿದ್ಯಾರ್ಥಿಗಳನ್ನು ಬಲ್ಲ ನಮ್ಮ ಓದುಗರಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಾರದು. ಈ ತೊಡಕಿನಿಂದ ಪಾರಾಗಲು 1988ರಲ್ಲಿ ತಯಾರಕರೇ ಕೂಡಿ ‘ಸ್ಪೆಕ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ನಿಜವಾದ ಬಳಕೆಯ ಕಾರ್ಯಕ್ರಮಗಳನ್ನೇ ಪರೀಕ್ಷೆಯಾಗಿ ಬಳಸುವ ಪದ್ಧತಿಯನ್ನು ತಂದರು.

ಗರಿಷ್ಠ ಸಾಮರ್ಥ್ಯಕ್ಕೂ ದೊರೆಯುವ ಸಾಮರ್ಥ್ಯಕ್ಕೂ ಇರುವ ಅಂತರಕ್ಕೆ ನಮ್ಮ ದೇಶದ್ದೇ ಉದಾಹರಣೆಯುಂಟು. ಟಾಟಾ ಸಮೂಹದ ಪುಣೆಯ ಸಂಶೋಧನಾಲಯದಲ್ಲಿ ನಿರ್ಮಾಣಗೊಂಡ ‘ಏಕ’ ಎಂಬ ಮಹಾಗಣಕವು 2007ರ ನವೆಂಬರಿನಲ್ಲಿ ಜಗತ್ತಿನ 500 ಮಹಾಗಣಕಗಳ ಪಟ್ಟಿಯಲ್ಲಿ 4ನೆಯ ಸ್ಥಾನ ಪಡೆಯಿತು. ಕಾಗದದ ಮೇಲಿನ ಲೆಕ್ಕದಂತೆ ಅದರ ಗರಿಷ್ಠ ಸಾಮರ್ಥ್ಯ ಸುಮಾರು 170 ಟೆರಾಫ್ಲಾಪ್. ‘ಲಿನ್‌ಪ್ಯಾಕ್’ ಪರೀಕ್ಷೆಯಲ್ಲಿ ಅದು ವಾಸ್ತವವಾಗಿ ತೋರಿಸಿದ್ದು ಸುಮಾರು 118 ಟೆರಾಫ್ಲಾಪ್. ಪಟ್ಟಿಯವರು ಎರಡೂ ಸಂಖ್ಯೆಗಳನ್ನು ಒಟ್ಟಿಗೆ ಮುದ್ರಿಸಿದರು. ಫೋನಿನ ಪೆಟ್ಟಿಗೆಯ ಮೇಲೆ ಎರಡನೆಯ ಸಂಖ್ಯೆ ಇರುವುದಿಲ್ಲ.

ಮುಂಬಯಿಯ ಸೆಖೆ ಮತ್ತು ಇಪ್ಪತ್ತು ನಿಮಿಷಗಳ ಪ್ರಶ್ನೆ

ಅಂಕಕ್ಕೂ ಅನುಭವಕ್ಕೂ ನಡುವೆ ಬೀಳುವ ಅಂತರದ ಮುಖ್ಯ ಕಾರಣ ಶಾಖ. ಸ್ಮಾರ್ಟ್‌ಫೋನಿನ ಪ್ರೊಸೆಸರು ಪೂರ್ಣ ವೇಗದಲ್ಲಿ ಓಡುವಾಗ ಹಲವು ವಾಟ್‌ಗಳಷ್ಟು ಶಾಖವನ್ನು ಹೊರಹಾಕುತ್ತದೆ. ಮೇಜುಗಣಕದಲ್ಲಿರುವಂತೆ ಸಾಮಾನ್ಯ ಫೋನಿನಲ್ಲಿ ಫ್ಯಾನ್ ಇರುವುದಿಲ್ಲ. ಶಾಖವು ಫೋನಿನ ಹೊರಮೈಯಿಂದಲೇ ಸುತ್ತಲಿನ ಗಾಳಿಗೆ ಹೋಗಬೇಕು. ಹೊರಮೈ ಕೈ ಸುಡುವಷ್ಟು ಬಿಸಿಯಾಗಬಾರದೆಂದೂ, ಬ್ಯಾಟರಿಗೆ ಹಾನಿಯಾಗಬಾರದೆಂದೂ ಒಂದು ಮಿತಿಯನ್ನು ಮುಟ್ಟಿದೊಡನೆ ಫೋನು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದು ದೋಷವಲ್ಲ, ಇರಲೇಬೇಕಾದ ರಕ್ಷಣೆ.

ಬೆಂಚ್‌ಮಾರ್ಕ್ ಪರೀಕ್ಷೆಗಳಲ್ಲಿ ಹೆಚ್ಚಿನವು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ. ಗ್ರಾಫಿಕ್ಸ್ ಸಾಮರ್ಥ್ಯವನ್ನು ಅಳೆಯುವ ‘ತ್ರೀಡಿ ಮಾರ್ಕ್ ವೈಲ್ಡ್ ಲೈಫ್’ ಪರೀಕ್ಷೆಯ ಅವಧಿ ಒಂದೇ ನಿಮಿಷ. ತಣ್ಣಗಿರುವ ಫೋನು ಬಿಸಿಯಾಗುವುದರೊಳಗೆ ಅಂಕ ಬಂದಿರುತ್ತದೆ. ಅದೇ ಸಂಸ್ಥೆಯು ಇನ್ನೊಂದು ಕಠಿಣ ಪರೀಕ್ಷೆಯನ್ನೂ ಕೊಟ್ಟಿದೆ: ಅದೇ ಒಂದು ನಿಮಿಷದ ಕೆಲಸವನ್ನು ಬಿಡುವಿಲ್ಲದೆ 20 ಬಾರಿ ಮಾಡಿಸಿ, ಅತಿ ಕಡಿಮೆ ಅಂಕವು ಅತಿ ಹೆಚ್ಚಿನ ಅಂಕದ ಶೇಕಡಾ ಎಷ್ಟು ಎಂದು ‘ಸ್ಥಿರತೆ’ಯ ಹೆಸರಿನಲ್ಲಿ ತಿಳಿಸಲಾಗುತ್ತದೆ. ಮೊದಲ ನಿಮಿಷದಲ್ಲಿ ಮುಂದಿದ್ದ ಫೋನು ಇಪ್ಪತ್ತನೆಯ ನಿಮಿಷದಲ್ಲಿ ಹಿಂದೆ ಬೀಳುವುದುಂಟು. ಜಾಹೀರಾತಿನಲ್ಲಿ ಕಾಣುವುದು ಮೊದಲ ನಿಮಿಷ. ಬಳಕೆದಾರನಿಗೆ ಸಿಗುವುದು ಇಪ್ಪತ್ತನೆಯದು.

ಈಗ ಮುಂಬಯಿಯ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪರೀಕ್ಷೆಗಳು ಸಾಮಾನ್ಯವಾಗಿ ನಡೆಯುವುದು 22 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಹವಾನಿಯಂತ್ರಿತ ಕೊಠಡಿಗಳಲ್ಲಿ. ಮುಂಬಯಿಯಲ್ಲಿ ಹವಾಮಾನ ಇಲಾಖೆಗೆ ಕೊಲಾಬಾ ಮತ್ತು ಸಾಂತಾಕ್ರೂಜ್ ಎಂಬ ಎರಡು ವೀಕ್ಷಣಾಲಯಗಳಿವೆ. ಮೇ ತಿಂಗಳ ಸರಾಸರಿ ಗರಿಷ್ಠ ಉಷ್ಣತೆ ಎರಡರಲ್ಲಿಯೂ 33 ಡಿಗ್ರಿಯನ್ನು ಮೀರುತ್ತದೆ. ಮಾರ್ಚ್ ಏಪ್ರಿಲ್‌ಗಳಲ್ಲಿ ಭೂಮಿಯ ಕಡೆಯಿಂದ ಗಾಳಿ ಬೀಸಿದ ದಿನ ಸಾಂತಾಕ್ರೂಜಿನಲ್ಲಿ 40 ಡಿಗ್ರಿಯ ಸಮೀಪಕ್ಕೆ ಹೋಗುವುದೂ ಉಂಟು. 1952ರ ಏಪ್ರಿಲ್ 14ರಂದು ಅಲ್ಲಿ 42.2 ಡಿಗ್ರಿ ದಾಖಲಾಗಿತ್ತು.

ಫೋನಿನ ಹೊರಮೈ 43 ಡಿಗ್ರಿಯನ್ನು ಮುಟ್ಟಿದಾಗ ವೇಗ ತಗ್ಗುತ್ತದೆಂದು ಇಟ್ಟುಕೊಳ್ಳೋಣ. ಬಿಸಿ ವಸ್ತುವಿನಿಂದ ಗಾಳಿಗೆ ಹೋಗುವ ಶಾಖವು ಸ್ಥೂಲವಾಗಿ ಎರಡರ ಉಷ್ಣತೆಗಳ ಅಂತರಕ್ಕೆ ಅನುಗುಣವಾಗಿರುತ್ತದೆ ಎಂಬುದು ನ್ಯೂಟನ್ನನ ಕಾಲದಿಂದಲೂ ತಿಳಿದ ನಿಯಮ. 22 ಡಿಗ್ರಿಯ ಕೊಠಡಿಯಲ್ಲಿ ಈ ಅಂತರ 21 ಡಿಗ್ರಿ. 34 ಡಿಗ್ರಿಯ ಬೀದಿಯಲ್ಲಿ ಅಂತರ 9 ಡಿಗ್ರಿ ಮಾತ್ರ. ಅಂದರೆ ಅದೇ ಫೋನು ಮುಂಬಯಿಯ ಬೀದಿಯಲ್ಲಿ, ನೆರಳಿನಲ್ಲಿಯೇ ಇದ್ದರೂ, ಪರೀಕ್ಷೆಯ ಕೊಠಡಿಯಲ್ಲಿ ಹೊರಹಾಕಬಲ್ಲ ಶಾಖದ ಅರ್ಧಕ್ಕಿಂತಲೂ ಕಡಿಮೆಯನ್ನು ಮಾತ್ರ ಹೊರಹಾಕಬಲ್ಲದು. ದೀರ್ಘಕಾಲ ನಡೆಸಬಹುದಾದ ಕೆಲಸವೂ ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ಇದರ ಮೇಲೆ ಬಿಸಿಲು ನೇರವಾಗಿ ಬಿದ್ದರೆ ಫೋನಿನ ಮೈ ಬಿಸಿಲಿನಿಂದಲೇ ಕಾಯುತ್ತದೆ. ಬಿಸಿಲಿನಲ್ಲಿ ಪರದೆ ಕಾಣಲೆಂದು ಬೆಳಕನ್ನು ಏರಿಸಬೇಕಾಗುವುದರಿಂದ ಒಳಗಿನ ಶಾಖವೂ ಹೆಚ್ಚುತ್ತದೆ. ಮೋಟಾರ್‌ಸೈಕಲ್ಲಿನ ಹ್ಯಾಂಡಲ್ಲಿಗೆ ಫೋನು ಸಿಕ್ಕಿಸಿ, ನಕ್ಷೆ ತೆರೆದಿಟ್ಟು, ಅಂಧೇರಿಯಿಂದ ಘಾಟ್ಕೋಪರಿನವರೆಗೆ ಮಧ್ಯಾಹ್ನದ ಬಿಸಿಲಿನಲ್ಲಿ ಹೋಗುವವನ ಫೋನು ಪರದೆಯನ್ನು ಮಂಕಾಗಿಸಿಕೊಂಡು, ತಡವರಿಸಿ, ಕೊನೆಗೆ ‘ತಣ್ಣಗಾಗುವವರೆಗೆ ಕಾಯಿರಿ’ ಎಂಬ ಸೂಚನೆ ಕೊಟ್ಟು ನಿಲ್ಲುವುದಕ್ಕೆ ಇದೇ ಕಾರಣ. ಐಫೋನ್ ತಯಾರಕರಾದ ಆ್ಯಪಲ್ ಸಂಸ್ಥೆಯು ತನ್ನ ಫೋನುಗಳನ್ನು 0ಯಿಂದ 35 ಡಿಗ್ರಿಯ ಪರಿಸರದಲ್ಲಿ ಬಳಸುವಂತೆ ಸೂಚಿಸುತ್ತದೆ. ಆ ಮೇಲ್ಮಿತಿ ಮುಂಬಯಿಯ ಬೇಸಗೆಗೆ ಎಷ್ಟು ಹತ್ತಿರವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪ್ರಸಂಗವಶಾತ್ ಒಂದು ಮಾತು: ಮುಂಬಯಿಯ ಜನರನ್ನು ಬಳಲಿಸುವುದು ಉಷ್ಣತೆಗಿಂತ ಹೆಚ್ಚಾಗಿ ಗಾಳಿಯ ತೇವಾಂಶ. ಫೋನಿಗೆ ಬೆವರಿಲ್ಲವಾದ್ದರಿಂದ ತೇವಾಂಶವು ಅದರ ತಂಪಾಗುವಿಕೆಗೆ ಅಷ್ಟಾಗಿ ಅಡ್ಡಿಯಾಗದು. ಬಳಸುವವನ ಬೆವರಿದ ಬೆರಳು ಪರದೆಯ ಮೇಲೆ ತಪ್ಪು ಜಾಗದಲ್ಲಿ ಒತ್ತಿದಂತಾಗುವುದು ಮಾತ್ರ ನಿಜವಾದ ತೊಂದರೆ. ಅದನ್ನು ಯಾವ ಬೆಂಚ್‌ಮಾರ್ಕೂ ಅಳೆಯುವುದಿಲ್ಲ.

ಹವಾನಿಯಂತ್ರಣ ಯಂತ್ರಗಳ ವಿಷಯದಲ್ಲಿ ಇಂಥದೇ ತೊಡಕನ್ನು ನಮ್ಮ ದೇಶದಲ್ಲಿ ಒಂದು ಮಟ್ಟಿಗೆ ನಿವಾರಿಸಲಾಗಿದೆ. ಇಂಧನ ದಕ್ಷತಾ ಬ್ಯೂರೋ ನೀಡುವ ನಕ್ಷತ್ರಗಳು ಮೊದಲು ಒಂದೇ ಉಷ್ಣತೆಯ ಪರೀಕ್ಷೆಯನ್ನು ಅವಲಂಬಿಸಿದ್ದವು. 2018ರಿಂದ ಕಡ್ಡಾಯವಾದ ಹೊಸ ಪದ್ಧತಿಯಲ್ಲಿ 24ರಿಂದ 43 ಡಿಗ್ರಿಯವರೆಗಿನ ಉಷ್ಣತೆಗಳಿಗೆ ವರ್ಷದ 1600 ಗಂಟೆಗಳನ್ನು ಹಂಚಿ ದಕ್ಷತೆಯನ್ನು ಲೆಕ್ಕ ಹಾಕುತ್ತಾರೆ. ಫೋನುಗಳಿಗೆ ಇಂಥ ಭಾರತೀಯ ಋತುಮಾನದ ಪರೀಕ್ಷೆ ಜಾರಿಯಲ್ಲಿಲ್ಲ.

ಮೊತ್ತದೊಳಗೆ ಅಡಗುವುದು

ಅಂಟುಟುವಿನ ಲಕ್ಷಗಟ್ಟಲೆ ಅಂಕ ಒಂದೇ ಅಳತೆಯಲ್ಲ. ಪ್ರೊಸೆಸರ್, ಗ್ರಾಫಿಕ್ಸ್, ಮೆಮೊರಿ, ಬಳಕೆಯ ಅನುಭವ ಎಂಬ ನಾಲ್ಕು ವಿಭಾಗಗಳ ಮೊತ್ತ. ಗಣಿತದಲ್ಲಿ 95, ಕನ್ನಡದಲ್ಲಿ 40 ಪಡೆದವನೂ, ಗಣಿತದಲ್ಲಿ 40, ಕನ್ನಡದಲ್ಲಿ 95 ಪಡೆದವನೂ ಮೊತ್ತದಲ್ಲಿ ಸಮಾನರು. ಕನ್ನಡದ ಕೆಲಸಕ್ಕೆ ಇಬ್ಬರನ್ನೂ ಸಮಾನರೆಂದು ಯಾರೂ ಎಣಿಸುವುದಿಲ್ಲ. ದುಬಾರಿ ಫೋನುಗಳ ಮೊತ್ತದಲ್ಲಿ ದೊಡ್ಡ ಪಾಲು ಗ್ರಾಫಿಕ್ಸಿನಿಂದ ಬರುತ್ತದೆ. ಆಟವಾಡದ ಗ್ರಾಹಕನಿಗೆ ಆ ಪಾಲಿನಿಂದ ಪ್ರಯೋಜನ ಅತ್ಯಲ್ಪ.

ಕಡಿಮೆ ಬೆಲೆಯ ಫೋನುಗಳಲ್ಲಿ ಅನುಭವವನ್ನು ನಿರ್ಧರಿಸುವುದು ಹೆಚ್ಚಾಗಿ ಸಂಗ್ರಹಣೆಯ ಬಗೆ ಮತ್ತು ಮೆಮೊರಿ. ಒಂದೇ ಪ್ರೊಸೆಸರಿನ ಎರಡು ಫೋನುಗಳಲ್ಲಿ ಒಂದಕ್ಕೆ ಹಳೆಯ ‘ಇಎಂಎಂಸಿ’ ಸಂಗ್ರಹಣೆ, ಇನ್ನೊಂದಕ್ಕೆ ಹೊಸ ‘ಯುಎಫ್‌ಎಸ್’ ಸಂಗ್ರಹಣೆ ಇದ್ದರೆ ಆ್ಯಪ್ ತೆರೆಯುವ, ಫೋಟೋ ಉಳಿಸುವ ವೇಗದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಪರೀಕ್ಷೆ ನಡೆಯುವುದು ಖಾಲಿಯಿರುವ ಹೊಸ ಫೋನಿನ ಮೇಲೆ. ಎರಡು ವರ್ಷಗಳ ನಂತರ ಮದುವೆ ಮುಂಜಿಗಳ ವೀಡಿಯೋ, ಬೆಳಗಿನ ಶುಭಾಶಯಗಳ ಚಿತ್ರ, ಕುಟುಂಬದ ಗುಂಪುಗಳ ಸಂದೇಶಗಳಿಂದ ಸಂಗ್ರಹಣೆ ತುಂಬಿದಾಗ ಫೋನು ನಿಧಾನವಾಗುವುದನ್ನು ಆ ಅಂಕ ಮುಂಗಾಣಲಾರದು. ಬೆಂಚ್‌ಮಾರ್ಕ್ ಓಡುವಾಗ ಅದೊಂದೇ ಓಡುತ್ತದೆ; ದುಡಿಯುವವನ ಫೋನಿನಲ್ಲಿ ನಕ್ಷೆ, ಕಂಪನಿಯ ಆ್ಯಪ್, ವಾಟ್ಸಪ್, ಹಣ ಪಾವತಿಯ ಆ್ಯಪ್ ನಾಲ್ಕೂ ಏಕಕಾಲಕ್ಕೆ ಇರಬೇಕು. ಮೆಮೊರಿ ಸಾಲದಿದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ಮೊದಲನೆಯದು ಮುಚ್ಚಿಹೋಗಿ ಮತ್ತೆ ಮೊದಲಿನಿಂದ ತೆರೆದುಕೊಳ್ಳುತ್ತದೆ.

ಇನ್ನು ಮನುಷ್ಯನ ಗ್ರಹಣಶಕ್ತಿಯ ಪ್ರಶ್ನೆ. ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಪ್ರತಿಕ್ರಿಯೆ ಬಂದರೆ ನಮಗೆ ಅದು ತತ್‌ಕ್ಷಣವೆಂದೇ ತೋರುತ್ತದೆ. ಅದಕ್ಕಿಂತ ಬೇಗ ಬಂದರೆ ಅಂಕ ಏರುತ್ತದೆಯೇ ಹೊರತು ಅನುಭವ ಬದಲಾಗದು. ಬದಲಾಗಿ ಎಲ್ಲೋ ಒಮ್ಮೆ ಪರದೆ ಅರ್ಧ ಸೆಕೆಂಡು ತಡೆದು ನಿಂತರೆ ಅದು ತಟ್ಟನೆ ಗಮನಕ್ಕೆ ಬರುತ್ತದೆ. ಪರದೆಯ ಚಿತ್ರ ಸೆಕೆಂಡಿಗೆ 60 ಬಾರಿ ಬದಲಾಗಬೇಕಾದರೆ ಪ್ರತಿ ಚಿತ್ರಕ್ಕೂ ಸಿಗುವ ಸಮಯ ಸೆಕೆಂಡಿನ ಸಾವಿರದ 17 ಭಾಗದಷ್ಟು ಮಾತ್ರ. ಒಂದೆರಡು ಚಿತ್ರಗಳು ತಪ್ಪಿದರೂ ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ, ಕಣ್ಣಿಗೆ ಮುಚ್ಚುವುದಿಲ್ಲ. ಚರ್ಚ್‌ಗೇಟಿನಿಂದ ವಿರಾರಿಗೆ ಹೋಗುವ ಪ್ರಯಾಣಿಕನು ವರ್ಷವಿಡೀ ಸಮಯಕ್ಕೆ ಸರಿಯಾಗಿ ಬಂದ ಫಾಸ್ಟ್ ಲೋಕಲುಗಳನ್ನು ನೆನಪಿಟ್ಟುಕೊಳ್ಳುವುದಿಲ್ಲ. ರದ್ದಾದ ಒಂದು ಗಾಡಿಯನ್ನು ಮರೆಯುವುದೂ ಇಲ್ಲ.

ಫೋನಿನ ಹೊರಗಿರುವ ಕಾರಣಗಳು

ದಿನನಿತ್ಯದ ಎಷ್ಟೋ ಕೆಲಸಗಳಲ್ಲಿ ವೇಗವು ಪ್ರೊಸೆಸರಿನ ಕೈಯಲ್ಲಿ ಇರುವುದೇ ಇಲ್ಲ. ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿದು ಯುಪಿಐ ಮೂಲಕ ಹಣ ಕೊಡುವ ಪ್ರಸಂಗವನ್ನು ತೆಗೆದುಕೊಳ್ಳಬಹುದು. ಫೋನು ಸಂಕೇತಚಿತ್ರವನ್ನು ಓದಲು ತೆಗೆದುಕೊಳ್ಳುವ ಸಮಯ ಅತ್ಯಲ್ಪ. ಅಲ್ಲಿಂದ ಮುಂದೆ ಆದೇಶವು ಮೊಬೈಲ್ ಜಾಲದ ಮೂಲಕ ಆ್ಯಪಿನ ಬ್ಯಾಂಕಿಗೆ, ಅಲ್ಲಿಂದ ಮುಂಬಯಿಯಲ್ಲೇ ಕೇಂದ್ರ ಕಚೇರಿಯುಳ್ಳ ರಾಷ್ಟ್ರೀಯ ಪಾವತಿ ನಿಗಮಕ್ಕೆ, ಮತ್ತೆ ಕೊಡುವವನ ಮತ್ತು ಪಡೆಯುವವನ ಬ್ಯಾಂಕುಗಳಿಗೆ ಹೋಗಿ ಬರಬೇಕು. 2016ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2000 ಕೋಟಿಗೂ ಹೆಚ್ಚು ವಹಿವಾಟುಗಳು ನಡೆದವು. ಈ ಸುತ್ತಾಟದ ವೇಗವನ್ನು ಹೆಚ್ಚಿಸಲೆಂದು ನಿಗಮವು ಪಾವತಿಯ ಪ್ರತಿಕ್ರಿಯೆಗೆ ಇದ್ದ 30 ಸೆಕೆಂಡುಗಳ ಮಿತಿಯನ್ನು 2025ರ ಜೂನ್ 16ರಿಂದ 15 ಸೆಕೆಂಡುಗಳಿಗೆ ಇಳಿಸಿತು. ಇಪ್ಪತ್ತು ಸಾವಿರದ ಫೋನಿಗೂ ಲಕ್ಷ ರೂಪಾಯಿಯ ಫೋನಿಗೂ ಇದರ ಲಾಭ ಒಂದೇ ಪ್ರಮಾಣದಲ್ಲಿ ದೊರೆಯಿತು.

ಮೊಬೈಲ್ ಜಾಲದ ವಿಷಯವೂ ಹೀಗೆಯೇ. ಉಪನಗರ ರೈಲಿನ ಟಿಕೆಟನ್ನು ಮೊಬೈಲಿನಲ್ಲಿ ಪಡೆಯುವ ಸೌಲಭ್ಯ 2014ರ ಡಿಸೆಂಬರಿನಲ್ಲಿ ಮೊದಲು ಮುಂಬಯಿಯಲ್ಲೇ ಆರಂಭವಾಯಿತು. 2022ರ ಅಕ್ಟೋಬರಿನಲ್ಲಿ 5ಜಿ ಸೇವೆ ಬಂದಾಗಲೂ ಮೊದಲ ನಗರಗಳ ಪಟ್ಟಿಯಲ್ಲಿ ಮುಂಬಯಿ ಇತ್ತು. ಆದರೆ ಕಿಕ್ಕಿರಿದ ಗಾಡಿಯಲ್ಲಿ ಸಾವಿರಾರು ಜನರು ಒಂದೇ ಗೋಪುರದ ಸಂಕೇತವನ್ನು ಹಂಚಿಕೊಳ್ಳಬೇಕು; ಗಾಡಿ ಓಡಿದಂತೆ ಒಂದು ಗೋಪುರದಿಂದ ಇನ್ನೊಂದಕ್ಕೆ ಬದಲಾಗುತ್ತಿರಬೇಕು; ಸಂಕೇತ ಕ್ಷೀಣಿಸಿದಂತೆ ಫೋನು ಹೆಚ್ಚು ಶಕ್ತಿಯಿಂದ ಪ್ರಸಾರ ಮಾಡಬೇಕಾಗಿ ಬ್ಯಾಟರಿ ಬೇಗ ಖಾಲಿಯಾಗುತ್ತದೆ. 2024ರ ಅಕ್ಟೋಬರಿನಲ್ಲಿ ಆರೆಯಿಂದ ಬಾಂದ್ರಾ-ಕುರ್ಲಾ ಸಂಕೀರ್ಣದವರೆಗೆ ಭೂಗತ ಮೆಟ್ರೋ ಆರಂಭವಾದ ಹೊಸತರಲ್ಲಿ ನೆಲದಡಿಯ ನಿಲ್ದಾಣಗಳಲ್ಲಿ ಮೊಬೈಲ್ ಸಂಪರ್ಕ ಸಿಗುತ್ತಿಲ್ಲವೆಂದು ಪ್ರಯಾಣಿಕರು ದೂರಿದ್ದರು. ಸಂಕೇತವಿಲ್ಲದ ಕಡೆ ಇಪ್ಪತ್ತು ಲಕ್ಷ ಅಂಕದ ಫೋನೂ ಗಡಿಯಾರದಷ್ಟೇ ಉಪಯುಕ್ತ.

ಪರೀಕ್ಷೆಯ ಹೆಸರು ಕೇಳಿದೊಡನೆ ಎಚ್ಚರಗೊಳ್ಳುವ ಫೋನುಗಳು

ಇಲ್ಲಿಯವರೆಗೆ ಹೇಳಿದ್ದು ಪ್ರಾಮಾಣಿಕವಾದ ಅಂಕಗಳ ಮಿತಿ. ಅಪ್ರಾಮಾಣಿಕ ಅಂಕಗಳ ಇತಿಹಾಸವೂ ಸಣ್ಣದಲ್ಲ. 2013ರ ಜುಲೈಯಲ್ಲಿ ಅಮೆರಿಕದ ‘ಆನಂದ್‌ಟೆಕ್’ ಪತ್ರಿಕೆಯು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4ರ ಒಂದು ಮಾದರಿಯನ್ನು ಪರಿಶೀಲಿಸಿ, ಕೆಲವು ಬೆಂಚ್‌ಮಾರ್ಕ್‌ಗಳು ಓಡುವಾಗ ಮಾತ್ರ ಅದರ ಗ್ರಾಫಿಕ್ಸ್ ಭಾಗ 532 ಮೆಗಾಹರ್ಟ್ಸ್ ವೇಗಕ್ಕೆ ಏರುವುದನ್ನೂ, ಇತರ ಆ್ಯಪ್‌ಗಳಿಗೆ 480 ಮೆಗಾಹರ್ಟ್ಸ್ ಮಾತ್ರ ದೊರೆಯುವುದನ್ನೂ ಪತ್ತೆ ಮಾಡಿತು. ಫೋನಿನ ತಂತ್ರಾಂಶದಲ್ಲಿ ಪರೀಕ್ಷೆಗಳ ಹೆಸರಿನ ಪಟ್ಟಿಯೇ ಇತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಆರ್ಸ್ ಟೆಕ್ನಿಕಾ’ ಪತ್ರಿಕೆಯವರು ಗೀಕ್‌ಬೆಂಚ್ ಪರೀಕ್ಷೆಗೆ ಬೇರೆ ಹೆಸರಿಟ್ಟು ಗ್ಯಾಲಕ್ಸಿ ನೋಟ್ 3ರಲ್ಲಿ ಓಡಿಸಿದರು. ಒಳಗಿನ ಕೆಲಸ ಅದೇ, ಹೆಸರು ಮಾತ್ರ ಬೇರೆ. ಫೋನು ಗುರುತು ಹಿಡಿಯಲಿಲ್ಲ, ಅಂಕ ಇಳಿಯಿತು. ಅಂಕಗಳ ಉಬ್ಬರ ಕೆಲವು ಪರೀಕ್ಷೆಗಳಲ್ಲಿ ಶೇಕಡಾ 20ರವರೆಗೆ ಇತ್ತೆಂದು ಅವರು ವರದಿ ಮಾಡಿದರು. ಎಸ್4ರ ಬಗ್ಗೆ ಅಮೆರಿಕದಲ್ಲಿ ಗ್ರಾಹಕರು ಹೂಡಿದ ಸಾಮೂಹಿಕ ದಾವೆಯಲ್ಲಿ 2019ರಲ್ಲಿ ಒಟ್ಟು ಸುಮಾರು 1 ಕೋಟಿ 34 ಲಕ್ಷ ಡಾಲರ್ ಮೌಲ್ಯದ ರಾಜಿಯಾಯಿತು. ಪ್ರತಿ ಗ್ರಾಹಕನಿಗೆ ಗೊತ್ತಾದ ಪರಿಹಾರ ಹೆಚ್ಚೆಂದರೆ 10 ಡಾಲರ್.

ಸ್ಯಾಮ್‌ಸಂಗ್ ಒಂಟಿಯಾಗಿರಲಿಲ್ಲ. ಆಗಿನ ಪ್ರಮುಖ ತಯಾರಕರಲ್ಲಿ ಆ್ಯಪಲ್ ಮತ್ತು ಮೊಟೊರೊಲಾಗಳನ್ನು ಬಿಟ್ಟು ಉಳಿದವರಲ್ಲಿ ಬಹುತೇಕರು ಇಂಥ ಫೋನುಗಳನ್ನು ಹೊರತಂದಿದ್ದಾರೆಂದು ಆನಂದ್‌ಟೆಕ್ ಅದೇ ವರ್ಷ ಪಟ್ಟಿಮಾಡಿ ತೋರಿಸಿತು. 2018ರಲ್ಲಿ ಹುವಾವೆ ಮತ್ತು ಒಪ್ಪೋ ಸಂಸ್ಥೆಗಳ ಕೆಲವು ಫೋನುಗಳನ್ನು ತ್ರೀಡಿ ಮಾರ್ಕ್ ತನ್ನ ಪಟ್ಟಿಯಿಂದ ತೆಗೆದುಹಾಕಿತು. 2021ರಲ್ಲಿ ರಿಯಲ್‌ಮಿ ಜಿಟಿ ಫೋನನ್ನು ಅಂಟುಟು ಮೂರು ತಿಂಗಳ ಮಟ್ಟಿಗೆ ಹೊರಗಿಟ್ಟಿತು.

2021-22ರ ಪ್ರಕರಣಗಳು ಬೇರೆ ಬಗೆಯವು. ಒನ್‌ಪ್ಲಸ್ 9 ಸರಣಿಯ ಫೋನುಗಳು ಪರೀಕ್ಷೆಗಳಿಗೆ ವೇಗ ಹೆಚ್ಚಿಸುತ್ತಿರಲಿಲ್ಲ. ಜನರು ಹೆಚ್ಚು ಬಳಸುವ ಆ್ಯಪ್‌ಗಳಿಗೆ ವೇಗ ತಗ್ಗಿಸುತ್ತಿದ್ದವು. ಪರೀಕ್ಷೆಗಳನ್ನು ಮಾತ್ರ ಹಾಗೆಯೇ ಬಿಟ್ಟಿದ್ದವು. 2022ರ ಮಾರ್ಚಿನಲ್ಲಿ ದಕ್ಷಿಣ ಕೊರಿಯಾದ ಬಳಕೆದಾರರು ಸ್ಯಾಮ್‌ಸಂಗ್ ಫೋನುಗಳಲ್ಲಿಯೂ ಇಂಥದೇ ವ್ಯವಸ್ಥೆಯಿರುವುದನ್ನು ಬೆಳಕಿಗೆ ತಂದರು. ಗೀಕ್‌ಬೆಂಚ್ ಸಂಸ್ಥೆಯು ಎಸ್10ರಿಂದ ಎಸ್22ರವರೆಗಿನ ಸರಣಿಗಳ ಅಂಕಗಳನ್ನು ತನ್ನ ಪಟ್ಟಿಯಿಂದ ತೆಗೆಯಿತು. ಸ್ಯಾಮ್‌ಸಂಗಿನ ಮುಖ್ಯಸ್ಥರು ಷೇರುದಾರರ ಸಭೆಯಲ್ಲಿ ಕ್ಷಮೆ ಯಾಚಿಸಿದರು. ಈ ಎರಡು ಪ್ರಕರಣಗಳನ್ನು ತೂಗಿ ನೋಡುವಾಗ ವಿವೇಚನೆ ಬೇಕು. ಪುಟ ತಿರುವಲು, ಸಂದೇಶ ಓದಲು ಪೂರ್ಣ ವೇಗ ಬೇಕಾಗಿಲ್ಲ. ವೇಗ ತಗ್ಗಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಫೋನು ತಣ್ಣಗಿರುತ್ತದೆ. ಮುಂಬಯಿಯ ಹವೆಯಲ್ಲಿ ಅದು ಗ್ರಾಹಕನಿಗೆ ಉಪಕಾರವೇ. ಆಕ್ಷೇಪಾರ್ಹವಾದದ್ದು ವೇಗ ತಗ್ಗಿಸಿದ್ದಲ್ಲ. ಗ್ರಾಹಕನಿಗೆ ಹೇಳದೆ ತಗ್ಗಿಸಿ, ತಗ್ಗಿಸದ ಅಂಕವನ್ನು ಲೋಕಕ್ಕೆ ತೋರಿಸಿದ್ದು.

ಅಂಕಗಳೇ ಗ್ರಾಹಕನ ಪರವಾಗಿ ಸಾಕ್ಷಿ ನುಡಿದ ಸಂದರ್ಭವೂ ಇದೆ. 2017ರ ಡಿಸೆಂಬರಿನಲ್ಲಿ ಪ್ರೈಮೇಟ್ ಲ್ಯಾಬ್ಸಿನ ಜಾನ್ ಪೂಲ್ ಅವರು ಐಫೋನ್ 6ಎಸ್ ಮತ್ತು 7ರ ಗೀಕ್‌ಬೆಂಚ್ ಅಂಕಗಳನ್ನು ರೇಖಾಚಿತ್ರವಾಗಿ ಬಿಡಿಸಿದಾಗ, ತಂತ್ರಾಂಶದ ಹೊಸ ಆವೃತ್ತಿಗಳ ನಂತರ ಎಷ್ಟೋ ಫೋನುಗಳು ಮೊದಲಿಗಿಂತ ಕಡಿಮೆ ಅಂಕ ಪಡೆಯುತ್ತಿರುವುದು ಸ್ಪಷ್ಟವಾಯಿತು. ಹಳೆಯ ಬ್ಯಾಟರಿಯುಳ್ಳ ಫೋನುಗಳು ಹಠಾತ್ತನೆ ಆರಿಹೋಗದಂತೆ ವೇಗವನ್ನು ತಗ್ಗಿಸುತ್ತಿರುವುದಾಗಿ ಆ್ಯಪಲ್ ಕೆಲವೇ ದಿನಗಳಲ್ಲಿ ಒಪ್ಪಿಕೊಂಡಿತು; ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರಿನಿಂದ 29 ಡಾಲರಿಗೆ ಇಳಿಸಿತು. ಹೊಸ ಫೋನು ಬೇಕಾಗಿದೆಯೆಂದು ಭಾವಿಸಿದ್ದವರಿಗೆ ವಾಸ್ತವವಾಗಿ ಬೇಕಾಗಿದ್ದುದು ಹೊಸ ಬ್ಯಾಟರಿ. ಬೇರೆ ಬೇರೆ ಫೋನುಗಳನ್ನು ಹೋಲಿಸುವುದಕ್ಕಿಂತ ಒಂದೇ ಫೋನಿನ ಇಂದಿನ ಸ್ಥಿತಿಯನ್ನು ಅದರ ನಿನ್ನೆಯ ಸ್ಥಿತಿಯೊಡನೆ ಹೋಲಿಸಲು ಈ ಪರೀಕ್ಷೆಗಳು ಹೆಚ್ಚು ನಂಬಲರ್ಹ.

ಕೊಳ್ಳುವ ಮುನ್ನ

ಅಂಕಗಳನ್ನು ಸಂಪೂರ್ಣವಾಗಿ ತಳ್ಳಿಹಾಕಬೇಕಾಗಿಲ್ಲ. ಎರಡು ಲಕ್ಷದ ಫೋನಿಗೂ ಎಂಟು ಲಕ್ಷದ ಫೋನಿಗೂ ನಡುವಣ ಅಂತರ ನಿತ್ಯದ ಬಳಕೆಯಲ್ಲಿ ಖಂಡಿತ ಕಾಣುತ್ತದೆ. ಏಳಕ್ಕೂ ಎಂಟಕ್ಕೂ ನಡುವಣ ಅಂತರ ಹಾಗೆ ಕಾಣುವುದು ಅಪರೂಪ. ಅದಕ್ಕಾಗಿ ಹೆಚ್ಚು ಹಣ ತೆರುವುದಕ್ಕಿಂತ ಆ ಹಣವನ್ನು ಹೆಚ್ಚಿನ ಮೆಮೊರಿಗೋ ಸಂಗ್ರಹಣೆಗೋ ಕೊಡುವುದು ಲೇಸು. ಆವೃತ್ತಿ ಯಾವುದೆಂದು ಕೇಳಬೇಕು. ಒಂದು ನಿಮಿಷದ ಅಂಕದ ಜೊತೆಗೆ ಇಪ್ಪತ್ತು ನಿಮಿಷಗಳ ಸ್ಥಿರತೆಯ ಅಂಕ ಎಲ್ಲಿಯಾದರೂ ಪ್ರಕಟವಾಗಿದೆಯೇ ಎಂದು ನೋಡಬೇಕು. ಅದೇ ಫೋನನ್ನು ಒಂದು ವರ್ಷದಿಂದ ಬಳಸುತ್ತಿರುವ ಪರಿಚಿತರಿದ್ದರೆ ಮೇ ತಿಂಗಳಲ್ಲಿ ಅದು ಹೇಗಿತ್ತೆಂದು ವಿಚಾರಿಸಬೇಕು. ಮಳೆಗಾಲದ ಬಗ್ಗೆಯೂ ಒಂದು ಎಚ್ಚರಿಕೆ: ‘ಐಪಿ68’ ಎಂಬ ಜಲನಿರೋಧದ ಗುರುತೂ ಪ್ರಯೋಗಾಲಯದ ಅಂಕವೇ. ಆ ಪರೀಕ್ಷೆ ನಡೆಯುವುದು ಅಲುಗದ ಸಿಹಿನೀರಿನಲ್ಲಿ. ಮರೀನ್ ಡ್ರೈವಿನಲ್ಲಿ ಸಿಡಿಯುವ ಸಮುದ್ರದ ಉಪ್ಪುನೀರಿಗೆ ಅದು ಭರವಸೆಯಲ್ಲ.

ಕನ್ನಡಿಗರಿಗೆ ಸಂಬಂಧಿಸಿದ ಇನ್ನೊಂದು ಅಂಶವೂ ಅಂಕಪಟ್ಟಿಯಲ್ಲಿ ಇರುವುದಿಲ್ಲ. ಭಾರತೀಯ ಮಾನಕ ಬ್ಯೂರೋದ ಐಎಸ್ 16333ರ 3ನೆಯ ಭಾಗದಂತೆ ದೇಶದಲ್ಲಿ ಮಾರಾಟವಾಗುವ ಮೊಬೈಲುಗಳಲ್ಲಿ ಸಂವಿಧಾನದ 8ನೆಯ ಅನುಸೂಚಿಯ ಎಲ್ಲ ಭಾಷೆಗಳನ್ನೂ ಓದಲು ಸಾಧ್ಯವಿರಬೇಕು. ಟೈಪು ಮಾಡಲು ಇಂಗ್ಲಿಷ್, ಹಿಂದಿ ಮತ್ತು ಕನಿಷ್ಠ ಇನ್ನೊಂದು ಭಾರತೀಯ ಭಾಷೆಯ ಸೌಲಭ್ಯವಿರಬೇಕು. ಮುಂಬಯಿಯಲ್ಲಿ ಕೊಂಡ ಫೋನಿನಲ್ಲಿ ಆ ‘ಇನ್ನೊಂದು ಭಾಷೆ’ ಮರಾಠಿಯಾಗಿರುವುದು ಸಹಜವಾದ್ದರಿಂದ, ಕನ್ನಡದ ಕೀಲಿಮಣೆ ಇದೆಯೇ, ಒತ್ತಕ್ಷರಗಳು ಒಡೆಯದೆ ಮೂಡುತ್ತವೆಯೇ ಎಂಬುದನ್ನು ಅಂಗಡಿಯಲ್ಲೇ ಒಂದು ವಾಕ್ಯ ಬರೆದು ನೋಡಿಕೊಳ್ಳಬಹುದು. ಎರಡು ನಿಮಿಷದ ಕೆಲಸ.

ಕಾನೂನಿನ ರಕ್ಷಣೆ

2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ವಸ್ತುವಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳುವ ಅಥವಾ ಮುಖ್ಯ ಸಂಗತಿಯನ್ನು ಬೇಕೆಂದೇ ಮುಚ್ಚಿಡುವ ಜಾಹೀರಾತು ‘ತಪ್ಪುದಾರಿಗೆಳೆಯುವ ಜಾಹೀರಾತು’ ಎನಿಸುತ್ತದೆ. ಅಂಥ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮೊದಲ ಬಾರಿ 10 ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಕೊಂಡ ವಸ್ತುವಿನ ಬೆಲೆ 5 ಲಕ್ಷ ರೂಪಾಯಿಗಳ ಒಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸಲು ಶುಲ್ಕವಿಲ್ಲ. ಫೋನುಗಳೆಲ್ಲವೂ ಈ ಮಿತಿಯೊಳಗೇ ಬರುತ್ತವೆ ಎನ್ನಬಹುದು.

ಗ್ರಾಹಕ ಜಾಗೃತಿಯಲ್ಲಿ ಮುಂಬಯಿಗೆ ಹಳೆಯ ಪರಂಪರೆಯಿದೆ. 1966ರಲ್ಲಿ ಇಲ್ಲಿ ಕೆಲವು ಮಹಿಳೆಯರು ಸೇರಿ ಕಟ್ಟಿದ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘವು ದೇಶದ ಮೊದಲ ಗ್ರಾಹಕ ಸಂಸ್ಥೆಗಳಲ್ಲಿ ಒಂದು. ಪದಾರ್ಥಗಳನ್ನು ತಾನೇ ಪರೀಕ್ಷಿಸಿ ಫಲಿತಾಂಶವನ್ನು ಜನರ ಮುಂದಿಡುವ ಕಾರ್ಯವನ್ನು ಅದು ಕೈಗೊಂಡಿತು. 1975ರಲ್ಲಿ ಮುಂಬಯಿ ಗ್ರಾಹಕ ಪಂಚಾಯತ್ ಆರಂಭವಾಯಿತು. ಜಾಹೀರಾತುಗಳ ಸ್ವಯಂ ನಿಯಂತ್ರಣಕ್ಕಾಗಿ 1985ರಲ್ಲಿ ಸ್ಥಾಪಿತವಾದ ಜಾಹೀರಾತು ಮಾನಕ ಪರಿಷತ್ತಿನ ಕೇಂದ್ರವೂ ಮುಂಬಯಿಯೇ.

ವೇಗಕ್ಕಿಂತ ಬಾಳಿಕೆಯೇ ಮುಖ್ಯವೆನ್ನುವವರಿಗೆ ಉಪಯೋಗವಾಗಬಲ್ಲ ಬೇರೊಂದು ಅಂಕದ ಸಿದ್ಧತೆಯೂ ನಡೆದಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2024ರ ಸೆಪ್ಟೆಂಬರಿನಲ್ಲಿ ನೇಮಿಸಿದ ಸಮಿತಿಯು ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳಿಗೆ ‘ದುರಸ್ತಿ ಸೂಚ್ಯಂಕ’ದ ಚೌಕಟ್ಟನ್ನು 2025ರ ಮೇ ತಿಂಗಳಲ್ಲಿ ಇಲಾಖೆಗೆ ಒಪ್ಪಿಸಿತು. ಬಿಡಿಭಾಗಗಳ ಲಭ್ಯತೆ, ಬಿಚ್ಚಿ ಜೋಡಿಸುವ ಸುಲಭತೆ, ತಂತ್ರಾಂಶದ ಹೊಸ ಆವೃತ್ತಿಗಳನ್ನು ಒದಗಿಸುವ ರೀತಿ ಮುಂತಾದವು ಅದರ ಅಳತೆಗಳು.

ಜಾಹೀರಾತಿನಲ್ಲಿ ಹೇಳಿದ್ದಕ್ಕೂ ಕೈಗೆ ಬಂದ ಫೋನಿಗೂ ಹೊಂದಿಕೆಯಿಲ್ಲವೆಂದು ಕಂಡುಬಂದರೆ ಬಿಲ್ಲು, ಪೆಟ್ಟಿಗೆ ಮತ್ತು ಜಾಹೀರಾತಿನ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು. ಈ ಸಹಾಯವಾಣಿ 17 ಭಾಷೆಗಳಲ್ಲಿ ಕೆಲಸ ಮಾಡುತ್ತದೆ. ಅವುಗಳಲ್ಲಿ ಕನ್ನಡವೂ ಒಂದಾಗಿರುವುದರಿಂದ ಮುಂಬಯಿ, ಠಾಣೆ, ಕಲ್ಯಾಣಗಳಲ್ಲಿ ನೆಲೆಸಿದ ಕನ್ನಡಿಗರು ತಮ್ಮ ಭಾಷೆಯಲ್ಲಿಯೇ ದೂರನ್ನು ದಾಖಲಿಸಬಹುದಾಗಿದೆ.